ವೆಂಡೆಲ್ ಸ್ಟಾನ್‌ಫಿಲ್‌ನ ಕಿವಿ

ತಾನಾಡಿದ ಮಾತನ್ನು ಯಾರಾದರೂ ಒಮ್ಮೆ ಬರೆದುಕೊಳ್ಳಬೇಕು ಎಂಬುದು ವೆಂಡೆಲ್ ಸ್ಟಾನ್‌ಫಿಲ್‌ನ ಬಹುದಿನದ ಆಸೆ. ಪೆಟಿಗ್ರೂ ಊರಿನ ಮೇವಿನಂಗಡಿಯಲ್ಲಿ ಅವನು ಮೂವತ್ತೊಂದು ವರ್ಷ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಕೇಳಿ ಜನ ಬರೆದುಕೊಂಡದ್ದೆಂದರೆ ಕೋಳಿಮರಿಗಳು ಬರುವ ತಾರೀಖು ಒಂದೇ. ಮನೆಯಲ್ಲೋ, ಅವನು ಮಾತು ಶುರುಮಾಡಿದ ಕೂಡಲೇ ಹೆಂಡತಿ ವರ್ನಾ ಹಿಟ್ಟು ಕಲಸುವ ಯಂತ್ರ ಹಾಕುತ್ತಿದ್ದಳು. ಅದು ಬೇಕೆಂದೇ ಮಾಡುವುದೋ ಅಥವಾ ಅವಳಿಗೆ ಆಗಲೇ ಕೇಕಿನ ನೆನಪಾಗುವುದೋ ಎಂಬುದು ಮದುವೆಯಾಗಿ ಮೂವತ್ತಮೂರು ವರ್ಷ ಕಳೆದರೂ ಅವನಿಗೆ ತಿಳಿದಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತನಾಲ್ಕರ ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಆ ಆಸೆ ಈಡೇರಿತು. ಅದು ಈಡೇರದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಆಮೇಲೆ ಆರು ತಿಂಗಳು ಅಂದುಕೊಂಡ.

ಅಂದು ಅವನು ಹಾಯ್ಟ್ ಜೆಂಟ್ರಿಯ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಒರಗಿದ್ದ. ರೇಡಿಯೊದಲ್ಲಿ ಕಾಲ್ಟನ್ ರೇ ಮೇಪಲ್ಸ್ ‘ಬಾಗಿಲ ಸಂದಿಯ ಬೆಳಕು’ ಹಾಡುತ್ತಿದ್ದ. ಕಾಲ್ಟನ್ ರೇ ಪೆಟಿಗ್ರೂದಲ್ಲೇ ಹುಟ್ಟಿ, ನ್ಯಾಶ್‌ವಿಲ್‌ಗೆ ಹೋಗಿ, ಐವತ್ತೆಂಟನೇ ಇಸವಿಯಲ್ಲಿ ಆ ಒಂದು ಹಾಡಿನಿಂದ ದೇಶಕ್ಕೆಲ್ಲ ಗೊತ್ತಾಗಿ, ಕೊನೆಗೆ ಊರಾಚೆಯ ಸ್ಮಶಾನಕ್ಕೇ ಮರಳಿ ಬಂದು ಮಲಗಿದವನು. ಕೆಲಸದಿಂದ ಬೇಗ ಮನೆಗೆ ಬಂದ ಗಂಡನೊಬ್ಬ ಮುಚ್ಚಿದ ಬಾಗಿಲ ಕೆಳಗಿನ ಬೆಳಕಿನಲ್ಲಿ ನಾಲ್ಕು ಪಾದಗಳ ನೆರಳು ಕಾಣುವುದೇ ಆ ಹಾಡು. ಎರಡನೇ ಚರಣ ಮುಗಿದ ಮೇಲೆ ಪಿಯಾನೊ ಒಂದೇ ಬರುತ್ತದೆ. ಬಂದು, ಒಂದು ಕಡೆ ಮುಗ್ಗರಿಸಿ, ಸಾವರಿಸಿಕೊಂಡು ಹೋಗುತ್ತದೆ. ಆ ಮುಗ್ಗರಿಸುವ ಜಾಗದಲ್ಲಿ ಗಟ್ಟಿ ಗಂಡಸರೂ ಕಣ್ಣೊರೆಸಿಕೊಳ್ಳುತ್ತಾರೆ.

“ಹಾಕೀ ಹಾಕೀ ಈ ಹಾಡನ್ನ ಸವೆಸಿಬಿಟ್ರು,” ಎಂದ ಹಾಯ್ಟ್.

“ನನ್ನ ಹತ್ರ ಇರೋದು ಇದಲ್ಲ,” ಎಂದ ವೆಂಡೆಲ್ ನೊರೆಯೊಳಗಿಂದ. “ನನ್ನ ರೆಕಾರ್ಡಲ್ಲಿ ಈ ಪಿಯಾನೊನೇ ಇಲ್ಲ. ಎರಡನೇ ಚರಣ ಆಗ್ತಿದ್ದಂಗೆ ಸೀದಾ ಮೂರನೇದಕ್ಕೆ ಹೋಗ್ತಾನೆ. ಅದೇ ಬೇರೆ, ಇದೇ ಬೇರೆ.”

ಹಿಂದಿನ ಬೆಂಚಿನಿಂದ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಸರದಿಗಾಗಿ ಕಾಯುತ್ತಿದ್ದ ಅಪರಿಚಿತನೊಬ್ಬ ಎದ್ದು ನಿಂತಿದ್ದ. ಉದ್ದನೆಯ ಮನುಷ್ಯ, ದಪ್ಪ ಕನ್ನಡಕ, ಮುಖದಲ್ಲಿ ರಕ್ತವಿರಲಿಲ್ಲ.

“ಕ್ಷಮಿಸಬೇಕು ಮಹನೀಯರೆ,” ಎಂದ ಅವನು, ಭಾಷೆಯನ್ನು ಪುಸ್ತಕದಿಂದಲೇ ಕಲಿತವನ ಹಾಗೆ. “ತಾವು ಈಗ ನುಡಿದುದನ್ನು ದಯವಿಟ್ಟು ಪುನಃ ನುಡಿಯಬೇಕು.”

ಹೀಗೆಂದು ಅವನು ಜೇಬಿನಿಂದ ಪುಸ್ತಕ ತೆಗೆದು ಪೆನ್ನು ಬಿಚ್ಚಿದ. ವೆಂಡೆಲ್‌ನ ಎದೆ ಹಿಗ್ಗಿತು. ಅವನು ಪುನಃ ನುಡಿದ.

ಬಂದವನ ಹೆಸರು ಡೀಟ್‌ಮಾರ್ ಕ್ಲೂಗೆ. ಜರ್ಮನಿಯ ಬ್ರೆಮೆನ್‌ನವನು. ಕಾಲ್ಟನ್ ರೇಯ ಸಮಾಧಿಯ ಚಿತ್ರ ತೆಗೆಯಲು ಬಂದಿದ್ದ. ಅವನ ಕಸುಬು ಕೇಳಿ ಹಾಯ್ಟ್ ಕತ್ತಿ ಮಸೆಯುವುದನ್ನು ನಿಲ್ಲಿಸಿದ. “ಹಾಡುಗಾರನ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಇರುತ್ತದೆ,” ಎಂದ ಡೀಟ್‌ಮಾರ್. “ಅವನ ಬೆನ್ನ ಹಿಂದೆ ಕುಳಿತು ನುಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಯಾವ ದಿನ, ಎಷ್ಟನೆಯ ಸಲ ಹಾಡಿದ್ದು, ಯಾರು ಯಾವ ವಾದ್ಯ, ಇದನ್ನು ಪತ್ತೆಹಚ್ಚುವುದೇ ನನ್ನ ಬದುಕು. ಈ ಒಂದು ಹಾಡಿನ ಬಗೆಗೆ ಇನ್ನೂರ ಹನ್ನೆರಡು ಪುಟ ಬರೆದಿದ್ದೇನೆ. ಆದರೆ ಧ್ವನಿಮುದ್ರಣದ ದಾಖಲೆಗಳು ನೀರಿನಲ್ಲಿ ನೆನೆದು ಹಾಳಾದವು. ಎರಡನೆಯ ಆವೃತ್ತಿ ಇದ್ದೇ ಇರಬೇಕೆಂದು ಇಪ್ಪತ್ತು ವರ್ಷ ಊಹಿಸಿದೆ. ಕೇಳಿದವರು ತಾವೇ ಮೊದಲಿಗರು! ತಮ್ಮ ಕಿವಿ ಸಾಮಾನ್ಯವಾದುದಲ್ಲ. ಹೇಳಿ, ಆ ಪಿಯಾನೊ ಯಾರದು?”

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ವೆಂಡೆಲ್‌ನ ಕಣ್ಣು ಕಿಟಕಿಯಾಚೆ ಹೋಯಿತು. ಅಲ್ಲಿ ಊರ ಗ್ರಂಥಪಾಲಕಿ ಮಿಸ್ ಈಡೆಲ್ ರೆನ್‌ಫ್ರೋ ಬೂದು ಕೋಟು ತೊಟ್ಟು ನ್ಯಾಯಾಲಯದ ಚೌಕ ದಾಟುತ್ತಿದ್ದಳು.

“ಈಡೆಲ್ ರೆನ್‌ಫ್ರೋ,” ಎಂದ ವೆಂಡೆಲ್.

ಹಾಯ್ಟ್‌ನ ಕೈಯಿಂದ ಬಾಚಣಿಗೆ ಜಾರಿತು. ಮಿಸ್ ಈಡೆಲ್ ವಾದ್ಯವಿಲ್ಲದೆ ಬರೀ ಕೊರಳಿನಿಂದ ದೇವರನ್ನು ಹಾಡುವ ಚರ್ಚಿನವಳು. ಅವಳ ತಂದೆ ಅಲ್ಲಿನ ಬೋಧಕರಾಗಿದ್ದರು. ಮನೆಯಲ್ಲಿ ಪಿಯಾನೊ ಇಟ್ಟುಕೊಂಡವರನ್ನು ಕಂಡರೆ ಅವರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

“ಮತ್ತು ಆಳೆತ್ತರದ ಆ ಬಾಸ್ ಪಿಟೀಲು?” ಎಂದ ಡೀಟ್‌ಮಾರ್.

ಗೋಡೆಯ ಕ್ಯಾಲೆಂಡರಿನಲ್ಲಿ ಕೊಳಚೆ ಗುಂಡಿ ಖಾಲಿ ಮಾಡುವವನ ಜಾಹೀರಾತಿತ್ತು. “ಲೋನಿ ಸ್ಪ್ರೌಸ್,” ಎಂದ ವೆಂಡೆಲ್.

ಈಗ ಹಾಯ್ಟ್ ಕತ್ತಿಯನ್ನು ವೆಂಡೆಲ್‌ನ ಗಂಟಲ ಮೇಲೆ ಮೆಲ್ಲಗೆ ಇಟ್ಟ. ತುಂಬ ಪ್ರೀತಿಯಿಂದ ಕೇಳಿದ, “ಮತ್ತೆ ಡ್ರಮ್ಮು ಯಾರು ಬಾರಿಸಿದ್ದು, ವೆಂಡೆಲ್?”

“ಹಾ... ಹಾಯ್ಟ್ ಜೆಂಟ್ರಿ.”

“ಆದರೆ ಈ ಹಾಡಿನಲ್ಲಿ ಡ್ರಮ್ ಕೇಳಿಸುವುದೇ ಇಲ್ಲವಲ್ಲ!” ಎಂದ ಡೀಟ್‌ಮಾರ್.

“ಅಷ್ಟು ಮೆತ್ತಗೆ ಬಾರಿಸಿದ್ದೆ,” ಎಂದ ಹಾಯ್ಟ್.

ಡೀಟ್‌ಮಾರ್ ಅದನ್ನೂ ಬರೆದುಕೊಂಡ. ಅವನ ವಿಮಾನ ಅಂದೇ ಮಧ್ಯಾಹ್ನ ಇತ್ತು. ಅಕ್ಟೋಬರಿನಲ್ಲಿ ಮರಳಿ ಬಂದು ಆ ಅಪೂರ್ವ ರೆಕಾರ್ಡನ್ನು ಕೇಳುತ್ತೇನೆ, ಅಲ್ಲಿಯವರೆಗೆ ಅದರ ಮೇಲೆ ಬಿಸಿಲಾಗಲಿ ಮುಳ್ಳಾಗಲಿ ಬೀಳಕೂಡದು ಎಂದು ವೆಂಡೆಲ್‌ನ ಕೈ ಹಿಡಿದು ಮಾತು ತೆಗೆದುಕೊಂಡು ಹೊರಟುಹೋದ.

ಜುಲೈ ತಿಂಗಳಲ್ಲಿ ಬ್ರೆಮೆನ್‌ನಿಂದ ಒಂದು ಪತ್ರಿಕೆ ಬಂತು. ಅದರಲ್ಲಿ ಎಲ್ಲ ಹೆಸರುಗಳೂ ಅಚ್ಚಾಗಿದ್ದವು. ತನ್ನ ಊರಿನವರನ್ನೇ ಕರೆದೊಯ್ದು ನುಡಿಸಿದ ಕಾಲ್ಟನ್ ರೇಯ ಊರಭಿಮಾನದ ಬಗ್ಗೆ ಎರಡು ಪುಟವಿತ್ತು. ವೆಂಡೆಲ್‌ನ ಕಿವಿಯ ಬಗ್ಗೆ ಮೂರು ಪುಟ. ನ್ಯಾಶ್‌ವಿಲ್‌ನ ದಿನಪತ್ರಿಕೆಯೊಂದು ಅದನ್ನೆತ್ತಿ ಮುಖಪುಟದಲ್ಲಿ ಹಾಕಿತು. ಪೆಟಿಗ್ರೂ ಊರು ಬಾಯಿ ತೆರೆದದ್ದು ಮುಚ್ಚಲಿಲ್ಲ.

ವರ್ನಾ ಪತ್ರಿಕೆ ಓದಿ ಕುರ್ಚಿಯಲ್ಲಿ ಕುಸಿದಳು. ಅಂದು ಹಿಟ್ಟಿನ ಯಂತ್ರ ಹಾಕಲಿಲ್ಲ.

“ವೆಂಡೆಲ್, ಐವತ್ತೆಂಟರಲ್ಲಿ ಲೋನಿಗೆ ಹನ್ನೊಂದು ವರ್ಷ ಕಣೋ! ಬಾಸ್ ಪಿಟೀಲು ಅವನಿಗಿಂತ ಎತ್ತರ ಇತ್ತು!”

“ಅದು... ಆಗಿನ್ ಕಾಲದ ಹುಡುಗರು...”

“ಪಿಯಾನೊ ಇಲ್ಲದ ರೆಕಾರ್ಡಂತೆ! ಯಾವ ರೆಕಾರ್ಡೋ ಅದು?”

“ನಂದೇ. ಆ ಕಪಾಟಲ್ಲಿರೋದು. ಎರಡನೇ ಚರಣ ಆದ್ಮೇಲೆ ಸೀದಾ...”

ವರ್ನಾ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು. “ಅಯ್ಯೋ ದೇವರೇ! ಎಪ್ಪತ್ತೊಂದರಲ್ಲಿ ಅದರ ಮೇಲೆ ಬಿಸಿ ಪೀಚ್ ಪೈ ಇಟ್ಟಿದ್ದೆ. ತಟ್ಟೆ ಅಂಚು ತಾಗಿ ಅಲ್ಲಿ ಉಬ್ಬಿಕೊಂಡಿದೆ. ಮುಳ್ಳು ಹಾರುತ್ತೆ! ನೀನು ಇಪ್ಪತ್ತಮೂರು ವರ್ಷದಿಂದ ಕೇಳ್ತಿರೋದು ನನ್ನ ಪೀಚ್ ಪೈನ!”

ವೆಂಡೆಲ್ ಕಪಾಟು ತೆರೆದ. ಕಿಟಕಿಯ ಬಳಿ ರೆಕಾರ್ಡನ್ನು ಓರೆ ಹಿಡಿದು ನೋಡಿದ. ಅರ್ಧಚಂದ್ರದ ಆಕಾರದಲ್ಲಿ ಪೈ ತಟ್ಟೆಯ ಅಂಚು ಸ್ಪಷ್ಟವಾಗಿ ಕಾಣಿಸಿತು.

ಕೂಡಲೇ ಹೋಗಿ ಎಲ್ಲ ಸುಳ್ಳೆಂದು ಹೇಳಿಬಿಡೋಣ ಎಂದು ಅವನು ಲೋನಿ ಸ್ಪ್ರೌಸ್‌ನ ಮನೆಗೆ ಓಡಿದ. ತಡವಾಗಿತ್ತು. ಲೋನಿ ತನ್ನ ಕೊಳಚೆ ಟ್ಯಾಂಕಿನ ಲಾರಿಯ ಮೇಲೆ ‘ಬಾಗಿಲ ಸಂದಿಯ ಬೆಳಕಿನ ಬಾಸ್ ವಾದಕ’ ಎಂದು ಕೆಂಪು ಬಣ್ಣದಲ್ಲಿ ಬರೆಸುತ್ತಿದ್ದ.

“ಲೋನಿ, ನಿಂಗೆ ಆಗ ಹನ್ನೊಂದು ವರ್ಷ!”

“ಹೂಂ, ಸ್ಟೂಲ್ ಹಾಕ್ಕೊಂಡಿದ್ದೆ.”

“ನೀನು ನುಡಿಸೇ ಇಲ್ವಲ್ಲೋ!”

ಲೋನಿ ಅವನನ್ನು ಕನಿಕರದಿಂದ ನೋಡಿದ. “ನಾನೂ ಮೊದಲು ಹಂಗೇ ಅಂದ್ಕೊಂಡೆ, ಮಾರಾಯ. ಪೇಪರಲ್ಲಿ ಓದಿದ್ಮೇಲೆ ನಿಧಾನಕ್ಕೆ ನೆನಪು ಬರ್ತಾ ಐತೆ. ಕಾಲ್ಟನ್ ರೇ ನನ್ನ ತಲೆ ಸವರಿದ್ದ. ಯಾವ ಸೋಪಿನ ವಾಸನೆ ಅಂತಲೂ ಹೇಳಬಲ್ಲೆ.”

ಹಾಯ್ಟ್‌ನ ಅಂಗಡಿಯಲ್ಲಿ ಸಂಗತಿ ಇನ್ನೂ ಮುಂದುವರಿದಿತ್ತು. ಕೇಳಿಸದ ಡ್ರಮ್ಮಿನ ಗುಟ್ಟನ್ನು ಅವನು ಗಿರಾಕಿಗಳಿಗೆ ಬಾಚಣಿಗೆಯಿಂದ ಕುರ್ಚಿಯ ಕೈ ಮೇಲೆ ಬಾರಿಸಿ ತೋರಿಸುತ್ತಿದ್ದ. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಎಲ್ಲರೂ ಭೇಷ್ ಎನ್ನುತ್ತಿದ್ದರು. ನಗರಸಭೆ ಸೇರಿ, ಅಕ್ಟೋಬರಿನಲ್ಲಿ ಚೌಕದಲ್ಲಿ ಸಭೆ ಮಾಡಿ ನಾಲ್ವರಿಗೂ ಸನ್ಮಾನವೆಂದು ಗೊತ್ತುಮಾಡಿತು. ನಾಲ್ಕನೆಯವನು ವೆಂಡೆಲ್, ಕಿವಿಯ ಲೆಕ್ಕದಲ್ಲಿ.

ಈ ಗದ್ದಲದಲ್ಲಿ ಬಾಯಿ ಬಿಡದವಳು ಮಿಸ್ ಈಡೆಲ್ ಒಬ್ಬಳೇ. ಚರ್ಚಿನ ಹಿರಿಯರು ಅವಳನ್ನು ಕರೆಸಿ ವಿಚಾರಿಸುತ್ತಾರಂತೆ, ಮಕ್ಕಳಿಗೆ ಭಾನುವಾರದ ಪಾಠ ಹೇಳುವುದನ್ನು ಬಿಡಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಮೂವತ್ತನಾಲ್ಕು ವರ್ಷದಿಂದ ಅವಳು ಹೇಳಿಕೊಂಡು ಬಂದ ಪಾಠ ಅದು. ವೆಂಡೆಲ್‌ಗೆ ಊಟ ಸೇರದಾಯಿತು. ಕೊನೆಗೊಂದು ದಿನ ಟೋಪಿ ಕೈಲಿ ಹಿಡಿದು ಗ್ರಂಥಾಲಯಕ್ಕೆ ಹೋದ. ಕ್ಷಮಾಪಣೆಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ.

ಅವನು ಬಾಯಿ ತೆರೆಯುವ ಮೊದಲೇ ಮಿಸ್ ಈಡೆಲ್ ಅವನನ್ನು ಒಳಕೋಣೆಗೆ ಎಳೆದು ಬಾಗಿಲು ಹಾಕಿದಳು.

“ಯಾರು ಹೇಳಿದ್ದು ನಿಮಗೆ?”

“ಏನನ್ನ, ಮಿಸ್ ಈಡೆಲ್?”

“ಗೊತ್ತಿದ್ದವರು ಇಬ್ಬರೇ. ಅಮ್ಮ ಹೋದಳು. ಕಾಲ್ಟನ್ ರೇ ಹೋದ. ನಾನು ಒಂದು ನರಪಿಳ್ಳೆಗೂ ಹೇಳಿಲ್ಲ. ಅದು ನಾನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ವೆಂಡೆಲ್‌ನ ಟೋಪಿ ನೆಲಕ್ಕೆ ಬಿತ್ತು. ಅದನ್ನೆತ್ತಲು ಬಗ್ಗಿದವನು ಮತ್ತೆ ಮೇಲೇಳುವುದು ಹೇಗೆಂದು ತಿಳಿಯದೆ ಅಲ್ಲೇ ಕುಕ್ಕರಿಸಿದ.

ಮಿಸ್ ಈಡೆಲ್ ಹೇಳುತ್ತಲೇ ಹೋದಳು, ತುಂಬಿದ್ದು ಒಡೆದ ಹಾಗೆ. ಇಪ್ಪತ್ತರ ವಯಸ್ಸಿನಲ್ಲಿ ಬೆರಳಚ್ಚು ಕಲಿಯಲು ನ್ಯಾಶ್‌ವಿಲ್‌ಗೆ ಹೋಗಿದ್ದಳು. ಉಳಿದುಕೊಂಡಿದ್ದ ಮನೆಯಲ್ಲೊಂದು ಪಿಯಾನೊ ಇತ್ತು. ಅದನ್ನು ಮುಟ್ಟಿದಳು. ಮುಟ್ಟಿದ ಮೇಲೆ ಬಿಡಲಾಗಲಿಲ್ಲ. ಮುಂದೆ ಒಂದು ಧ್ವನಿಮುದ್ರಣದ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಪಿಯಾನೊದವನಿಗೆ ಮಂಗಬಾವು ಬಂದು ಕೆನ್ನೆ ಊದಿ ಅವನು ಬರಲಿಲ್ಲ. “ನಮ್ಮೂರ ಹುಡುಗಿ ಒಬ್ಬಳು ಹೊರಗೆ ಟೈಪ್ ಮಾಡ್ತಾ ಇದಾಳೆ, ಅವಳಿಗೆ ಬರುತ್ತಂತೆ” ಎಂದು ಕಾಲ್ಟನ್ ರೇ ಅವಳನ್ನು ಕೈಹಿಡಿದು ಕರೆತಂದು ಕೂರಿಸಿದ.

“ಹಾಡು ಬಂದ ಎರಡನೇ ತಿಂಗಳು ಊರಿಗೆ ಬಂದೆ. ಆ ಭಾನುವಾರ ಅಪ್ಪ ಅದೇ ಹಾಡಿನ ಮೇಲೆ ಒಂದೂಕಾಲು ಗಂಟೆ ಬೋಧನೆ ಮಾಡಿದರು. ಆ ಪಿಯಾನೊ ನುಡಿಸಿದ ಬೆರಳು ಒಂದೊಂದೂ ಒಂದೊಂದು ಹಾವು ಅಂದರು. ನಾನು ಮೊದಲ ಸಾಲಲ್ಲಿ ಕೂತಿದ್ದೆ. ಕೈಗವಸು ಹಾಕಿಕೊಂಡೆ, ಸ್ಟಾನ್‌ಫಿಲ್. ಜೂನ್ ತಿಂಗಳ ಸೆಕೆಯಲ್ಲಿ.” ಅವಳು ಕಣ್ಣೊರೆಸಿಕೊಂಡಳು. “ಆಮೇಲೆ ಪಿಯಾನೊ ಮುಟ್ಟಲಿಲ್ಲ. ಒಬ್ಬರಾದರೂ ಕೇಳಿ ಕಂಡುಹಿಡಿದರಲ್ಲ, ಇವು ಈಡೆಲ್‌ಳ ಕೈ ಅಂತ! ನನಗೆ ಭಯಕ್ಕೆ ಅಳು ಬರ್ತಿದೆಯೋ ಸಂತೋಷಕ್ಕೋ ಗೊತ್ತಿಲ್ಲ.”

ವೆಂಡೆಲ್‌ನ ಬಾಯಿಪಾಠವೆಲ್ಲ ಮರೆತುಹೋಗಿತ್ತು.

“ಆದರೆ ಹಿರಿಯರು ಆ ಪಾಠ ನನ್ನಿಂದ ಕಿತ್ತುಕೊಂಡರೆ ನಾನು ಬದುಕೋದಿಲ್ಲ,” ಎಂದಳು ಅವಳು. “ಸಭೆಯಲ್ಲಿ ಎದ್ದು ಹೇಳಿ. ಎಲ್ಲ ನಾನೇ ಕಟ್ಟಿದ್ದು, ಈಡೆಲ್ ರೆನ್‌ಫ್ರೋ ಹೆಸರು ಸುಮ್ಮನೆ ಬಾಯಿಗೆ ಬಂತು ಅಂತ. ನನಗೋಸ್ಕರ ಅದೊಂದು ಸುಳ್ಳು ಹೇಳಿಬಿಡಿ.”

ಹೀಗೆ, ಜುಲೈಯಿಂದ ನಿಜ ಹೇಳಲು ಒದ್ದಾಡುತ್ತಿದ್ದವನಿಗೆ ಅದೇ ನಿಜವನ್ನು ಸುಳ್ಳೆಂದುಕೊಂಡು ಹೇಳುವ ಹೊಣೆ ಬಿತ್ತು. ಮನೆಗೆ ಬಂದು ಅವನು ವರ್ನಾಗೆ ಎಲ್ಲ ಹೇಳಿದ. ವರ್ನಾ ಕೇಳಿದಳು:

“ಹಾಗಾದ್ರೆ ನೀನು ಹೇಳಿದ್ದು ಸರಿನಾ?”

“ಸರಿಯಂತೆ.”

“ನೀನು?”

“ಹೂಂ.”

ಅವಳು ನೀರು ಕುಡಿದಳು.

ಅಕ್ಟೋಬರಿನ ಎರಡನೇ ಶನಿವಾರ ನ್ಯಾಯಾಲಯದ ಚೌಕದಲ್ಲಿ ಊರಿಗೆ ಊರೇ ನೆರೆಯಿತು. ಹಂದಿಮಾಂಸದ ಹೊಗೆ ಏಳುತ್ತಿತ್ತು. ವೇದಿಕೆಯ ಮೇಲೆ ಶಾಲೆಯ ಪಿಯಾನೊ, ಲೋನಿಯ ಹೊಚ್ಚ ಹೊಸ ಬಾಸ್ ಪಿಟೀಲು, ಹಾಯ್ಟ್‌ನ ಡ್ರಮ್ಮು ಇದ್ದವು. ನಡುವೆ ಡೀಟ್‌ಮಾರ್ ಬಿಳಿ ಕೈಗವಸು ತೊಟ್ಟು ರೆಕಾರ್ಡ್ ಯಂತ್ರದ ಪಕ್ಕ ಮದುಮಗನಂತೆ ನಿಂತಿದ್ದ. ಚರ್ಚಿನ ಹಿರಿಯರು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅವರ ಪಕ್ಕದಲ್ಲಿ ಬೂದು ಕೋಟಿನ ಮಿಸ್ ಈಡೆಲ್.

ವೆಂಡೆಲ್ ಮೈಕಿನ ಮುಂದೆ ಬಂದ. ಮೂವರು ಪತ್ರಕರ್ತರ ಜೇಬಿನಿಂದ ಪುಸ್ತಕಗಳು ಹೊರಬಂದವು. ಮೂವರೂ ಬರೆದುಕೊಳ್ಳಲು ಸಿದ್ಧರಾದರು. ಅವನು ಕಣ್ಣು ಮುಚ್ಚಿಕೊಂಡ.

“ಎಲ್ಲಾ ಸುಳ್ಳು ಕಣ್ರಪ್ಪಾ,” ಎಂದ. “ಆ ದಿನ ಬಾಯಿಗೆ ಬಂದ ಹೆಸರು ಹೇಳ್ದೆ. ಲೋನಿಗೆ ಆಗ ಹನ್ನೊಂದು. ಹಾಯ್ಟ್‌ಗೆ ಡ್ರಮ್ಮು ಯಾವ ಕಡೆಯಿಂದ ಬಾರಿಸಬೇಕು ಅಂತಲೂ ಗೊತ್ತಿಲ್ಲ. ಮಿಸ್ ಈಡೆಲ್... ಅವರೂ ಸುಳ್ಳು. ನನ್ನ ಕಿವಿ ಕೋಳಿಮರಿ ಮಾರೋ ಕಿವಿ.”

ಜನರ ನಡುವಿನಿಂದ ಯಾರೋ ಕೂಗಿದರು, “ನೋಡ್ರೋ, ಎಷ್ಟು ವಿನಯ!” ಚಪ್ಪಾಳೆ ಬಿತ್ತು.

“ವಿನಯ ಅಲ್ಲ! ಎರಡನೇ ಆವೃತ್ತಿನೇ ಇಲ್ಲ! ಅದು ಪೀಚ್ ಪೈ!” ಎಂದು ವೆಂಡೆಲ್ ಚೀರಿದ.

“ತಾವು ಏನೆಂದಿರಿ?” ಎಂದ ಡೀಟ್‌ಮಾರ್. ಅವನು ರೆಕಾರ್ಡನ್ನು ಯಂತ್ರಕ್ಕೆ ಹಾಕಿ ಮುಳ್ಳಿಟ್ಟ. ಎರಡನೇ ಚರಣ ಮುಗಿಯಿತು. ಧ್ವನಿವರ್ಧಕಗಳಲ್ಲಿ ‘ಟಕ್’ ಎಂಬ ಸದ್ದು ಚೌಕದ ನಾಲ್ಕೂ ಗೋಡೆಗೆ ಬಡಿಯಿತು, ಕಾಲ್ಟನ್ ರೇ ಮೂರನೇ ಚರಣದ ನಡುವಿನಿಂದ ಹಾಡತೊಡಗಿದ. ಡೀಟ್‌ಮಾರ್ ರೆಕಾರ್ಡನ್ನು ಎತ್ತಿ ಬಿಸಿಲಿಗೆ ಹಿಡಿದ. ಅರ್ಧಚಂದ್ರವನ್ನು ಬೆರಳಿನಿಂದ ಸವರಿದ. ನಂತರ ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟ.

“ಇನ್ನೂರ ಹನ್ನೆರಡು ಪುಟ,” ಎಂದ. “ಪೀಚ್?”

“ಡಬ್ಬಿಯದಲ್ಲ, ತಾಜಾ,” ಎಂದಳು ವರ್ನಾ ಮೊದಲ ಸಾಲಿನಿಂದ, ಸಮಾಧಾನಕ್ಕೆ.

ಈಗ ನಗು ಶುರುವಾಯಿತು. ಲೋನಿಯ ಬಾಸ್ ಪಿಟೀಲಿನ ಮೇಲೆ ನಕ್ಕರು. ಹಾಯ್ಟ್ ಡ್ರಮ್ಮಿನ ಹಿಂದೆ ಬಗ್ಗಿ ಕೂತದ್ದಕ್ಕೆ ನಕ್ಕರು. ಆಮೇಲೆ ಯಾರಿಗೋ ಮಿಸ್ ಈಡೆಲ್ ನೆನಪಾದಳು. “ಮಿಸ್ ಈಡೆಲ್ ಹೆಂಡದಂಗಡಿ ಪಿಯಾನೊ ಬಾರಿಸೋದಂತೆ!” ಎಂದೊಬ್ಬ ಕೂಗಿದ. ನಗು ಚೌಕ ತುಂಬಿ ಹೊರಚೆಲ್ಲಿತು. ಚರ್ಚಿನ ಹಿರಿಯರೂ ನಕ್ಕರು. ಅವರಲ್ಲಿ ದೊಡ್ಡವರು ಅವಳ ಭುಜ ತಟ್ಟಿ ಕಕ್ಕುಲಾತಿಯಿಂದ ಹೇಳಿದರು: “ನಾನು ಮೊದಲೇ ಹೇಳಿದ್ದೆ ಇವರಿಗೆ. ಈಡೆಲ್‌ಗೆ ದೇವರು ಎಲ್ಲ ಕೊಟ್ಟ, ತಾಳಜ್ಞಾನ ಒಂದು ಕೊಡಲಿಲ್ಲ ಅಂತ.”

ಅದೊಂದು ಮಾತನ್ನು ಅವರು ಆಡಬಾರದಿತ್ತು.

ಮಿಸ್ ಈಡೆಲ್ ಎದ್ದಳು. ಜನ ಇನ್ನೂ ನಗುತ್ತಿದ್ದರು. ಅವಳು ವೇದಿಕೆ ಹತ್ತಿದಾಗಲೂ ನಗುತ್ತಿದ್ದರು. ಕೂರಲೂ ಇಲ್ಲ, ಕೋಟೂ ಬಿಚ್ಚಲಿಲ್ಲ, ಕೈಗವಸು ಮಾತ್ರ ಕಳಚಿ ಪಿಯಾನೊದ ಮೇಲಿಟ್ಟಳು. ಆಮೇಲೆ ನುಡಿಸಿದಳು.

ನಗು ಅರ್ಧಕ್ಕೆ ನಿಂತಿತು. ಅದೇ ಹಾಡು, ಅದೇ ಜಾಗ. ಮುಗ್ಗರಿಸುವಲ್ಲಿ ಪಿಯಾನೊ ಮುಗ್ಗರಿಸಿತು, ಸಾವರಿಸಿಕೊಂಡು ಹೋಯಿತು. ಮೂವತ್ತಾರು ವರ್ಷದಿಂದ ಊರೆಲ್ಲ ಕೇಳುತ್ತಿದ್ದ ಆ ಎಡವಟ್ಟು ಅವರ ಕಣ್ಣೆದುರೇ ಬೂದು ಕೋಟಿನ ತೋಳಿನಿಂದ ಹೊರಬಂದಿತ್ತು. ಮಾಂಸ ಸುಡುವವನ ಕೈಯಿಂದ ಚಿಮಟ ಬಿತ್ತು.

“ಅಲ್ಲಿ ತಪ್ಪಿತ್ತು,” ಎಂದಳು ಮಿಸ್ ಈಡೆಲ್ ಜನರ ಕಡೆ ತಿರುಗಿ. “ಬೆರಳು ಜಾರಿತ್ತು. ಇನ್ನೊಂದು ಸಲ ನುಡಿಸ್ತೀನಿ ಅಂದೆ, ಅವರು ಬಿಡಲಿಲ್ಲ. ಅದು ಹೀಗಿರಬೇಕಿತ್ತು.” ಅವಳು ಮತ್ತೆ ನುಡಿಸಿದಳು. ಈ ಸಲ ಎಲ್ಲೂ ಎಡವಲಿಲ್ಲ.

ಡೀಟ್‌ಮಾರ್ ಮೊಣಕಾಲೂರಿ, ಅಳುತ್ತಾ, ಹೊಸ ಪುಟ ತೆರೆದು ಕೇಳಿದ: “ಶ್ರೀಮತಿಯವರೆ, ಎರಡನೆಯ ಆವೃತ್ತಿ ಎಂದು ಇದನ್ನು ನಮೂದಿಸಬಹುದೆ?”

ಚರ್ಚಿನ ಹಿರಿಯರು ಮುಂದಿನ ವಾರ ಮೂರು ಗಂಟೆ ಬಾಗಿಲು ಹಾಕಿ ಕೂತರು. ನಿಷೇಧವಿರುವುದು ಚರ್ಚಿನೊಳಗಿನ ವಾದ್ಯಕ್ಕೆ, ನ್ಯಾಶ್‌ವಿಲ್‌ನ ಕೋಣೆಯೊಳಗಿನದಕ್ಕಲ್ಲ ಎಂದು ತೀರ್ಮಾನಿಸಿದರು. ದೊಡ್ಡ ಹಿರಿಯರು ತಾವೇ ಹೋಗಿ ಪಾಠದ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಬಂದರು. ತಾಳಜ್ಞಾನದ ವಿಷಯ ಎತ್ತಲಿಲ್ಲ. ಲೋನಿ ಲಾರಿಯ ಮೇಲಿನ ಬರಹ ಅಳಿಸಿದ. ಹಾಯ್ಟ್ ಮಾತ್ರ, ತನ್ನ ಡ್ರಮ್ಮು ಕೇಳಿಸುವುದಿಲ್ಲವಾದ್ದರಿಂದ ಅದು ಇರಲಿಲ್ಲವೆಂದು ಸಾಬೀತು ಮಾಡಲಾಗದು ಎಂದು ಇಂದಿಗೂ ವಾದಿಸುತ್ತಾನೆ.

ವೆಂಡೆಲ್‌ನ ಪಾಡು ವಿಚಿತ್ರವಾಯಿತು. ಅವನು ಸುಳ್ಳೆಂದದ್ದು ನಿಜವಾಗಿಬಿಟ್ಟಿತ್ತಲ್ಲ, ಈಗ ಅವನ ಯಾವ ನಿಜವನ್ನೂ ಯಾರೂ ನಂಬಲೊಲ್ಲರು. ಒಬ್ಬ ಹೆಣ್ಣುಮಗಳ ಮಾನ ಕಾಯಲು ತನ್ನ ಅದ್ಭುತ ಕಿವಿಯನ್ನೇ ಹಳಿದುಕೊಂಡ ಮಹಾನುಭಾವ ಎಂದು ದಾರಿಯಲ್ಲಿ ಜನ ಟೋಪಿ ತೆಗೆಯುತ್ತಿದ್ದರು.

ಒಂದು ಮಧ್ಯಾಹ್ನ ಮಿಸ್ ಈಡೆಲ್ ಅವನನ್ನು ಗ್ರಂಥಾಲಯಕ್ಕೆ ಕರೆಸಿದಳು. ಕಪಾಟುಗಳ ನಡುವೆ ನಿಲ್ಲಿಸಿ ತಗ್ಗಿದ ದನಿಯಲ್ಲಿ ಕೇಳಿದಳು.

“ಊರಿನವರ ಮಾತು ಬಿಡಿ. ನನಗೆ ನಿಜ ಹೇಳಿ. ನನ್ನ ಕೈ ನಿಮಗೆ ಹೇಗೆ ಗೊತ್ತಾಯ್ತು?”

ಅವಳ ಮುಖದಲ್ಲಿ ಎಂಥದೋ ನಿರೀಕ್ಷೆಯಿತ್ತು. ಒಂದು ಚಂದದ ಸುಳ್ಳು ವೆಂಡೆಲ್‌ನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ.

“ಗೊತ್ತಾಗ್ಲಿಲ್ಲ, ಮಿಸ್ ಈಡೆಲ್. ನೀವು ಚೌಕ ದಾಟ್ತಾ ಇದ್ರಿ. ಕಿಟಕೀಲಿ ಕಂಡ್ರಿ.”

“ಅಷ್ಟೇನಾ?”

“ಅಷ್ಟೇ.”

“ನನ್ನ ಹಿಂದೆ ಆವತ್ತು ಶೆರಿಫ್ ಬರ್ತಾ ಇದ್ದರು. ಅವರು ಮುಂದೆ ಬಂದಿದ್ದರೆ?”

“ಅವರೇ ಪಿಯಾನೊ ನುಡಿಸಿರ್ತಿದ್ರು.”

ಮಿಸ್ ಈಡೆಲ್ ಅವನನ್ನೇ ದಿಟ್ಟಿಸಿದಳು. ಅವಳ ತುಟಿ ಅದುರಿತು. ಅಳುತ್ತಾಳೆಂದು ವೆಂಡೆಲ್ ಕರವಸ್ತ್ರ ಹುಡುಕತೊಡಗಿದ. ಆಗ ಅವಳೊಳಗಿಂದ ಎಲ್ಲೋ ಆಳದಿಂದ ನಗು ಎದ್ದಿತು. ಅವಳು ಕಪಾಟು ಹಿಡಿದುಕೊಂಡು ನಕ್ಕಳು, ಪುಸ್ತಕಗಳು ಉರುಳಿದರೂ ನಕ್ಕಳು, ಕೊನೆಗೆ ಪುಸ್ತಕ ತೆಗೆಯುವ ಏಣಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಿಟಕಿಯ ಬಳಿ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ಕನ್ನಡಕದ ಮೇಲಿಂದ ನೋಡಿ, ಗ್ರಂಥಪಾಲಕಿಯ ಕಡೆ ಬೆರಳೆತ್ತಿ, “ಶ್!” ಎಂದರು.